ಎರಡು ಬೆರಳಿನ ಮಾವಶಿ

ಬಲಗೈಯ ಎರಡು ಬೆರಳಿಗೆ ಯಾವಾಗಲೂ ಕಡಲೆ ಹಿಟ್ಟು ಮೆತ್ತಿಕೊಂಡಿರುತ್ತಿತ್ತು. ಒರೆಸಿಕೊಳ್ಳುವಷ್ಟು ಪುರುಸೊತ್ತು ಆಕೆಗೆಲ್ಲಿ? ಹಾಗೇ ಬಾಯಿಗಿಟ್ಟು, ನಾಲಿಗೆ ಮಡಚಿ ಒಂದು ಶಿಳ್ಳೆ ಹೊಡೆದಳೆಂದರೆ ಮೈದಾನದ ಆಚೆ ಬೇವಿನ ಗಿಡದಲ್ಲಿ ಕೂತ ಕಾಗೆಗಳೆಲ್ಲ ಎದ್ದು ಹೋಗುತ್ತಿದ್ದವು. ಶಿಳ್ಳೆ ಮುಗಿದ ಮೇಲೆ ತುಟಿಯ ಎರಡೂ ತುದಿಗೆ ಹಳದಿ ಹಿಟ್ಟಿನ ಗುರುತು. ಹಣೆಯ ಮೇಲೆ ಹಚ್ಚೆಯ ಮೂರು ಚುಕ್ಕಿ, ಸೊಂಟಕ್ಕೆ ಬಿಗಿದ ಸೆರಗು, ಒಂದು ಕೈಯಲ್ಲಿ ಎಣ್ಣೆ ಸೋಸುವ ಝಾರಾ. ಅರವತ್ತು ದಾಟಿದ ಹೆಂಗಸು ಹೀಗೆ ಶಿಳ್ಳೆ ಹೊಡೆಯುವುದನ್ನು ಮೊದಲ ಸಲ ನೋಡಿದವರು ಕಬಡ್ಡಿ ನೋಡುವುದು ಬಿಟ್ಟು ಆಕೆಯನ್ನೇ ನೋಡುತ್ತ ನಿಲ್ಲುತ್ತಿದ್ದರು.

ಹಾರೂಗೇರಿಯಲ್ಲಿ ಆಕೆ ಎಲ್ಲರಿಗೂ ಮಾವಶಿ, ಅಂದರೆ ಚಿಕ್ಕಮ್ಮ. ಮೆಣಸಿನಕಾಯಿ ಭಜಿಯ ತಳ್ಳುಗಾಡಿ ಆಕೆಯದು. ದಿನಾ ಬಸ್ ನಿಲ್ದಾಣದ ಹತ್ತಿರ ನಿಲ್ಲುವ ಗಾಡಿ, ಕಬಡ್ಡಿ ಇದ್ದ ದಿನ ತಾನಾಗಿ ಮೈದಾನದ ಕಡೆ ತಿರುಗುತ್ತಿತ್ತು. ತವರು ಕೊಕಟನೂರ ಕಡೆ. ಸಣ್ಣಾಕೆ ಇದ್ದಾಗ ಅಲ್ಲಿ ಕುರಿ ಕಾಯುತ್ತ ಕಲಿತ ಶಿಳ್ಳೆ ಅದು. "ನನ್ನ ಶಿಳ್ಳಿಗೆ ಇಡೀ ಕುರಿಹಿಂಡ ಹೊಳ್ಳಿ ಬರ್ತಿತ್ತ. ನಿಮ್ಮಂಥಾ ಏಳ ಮಂದಿ ಯಾವ ಲೆಕ್ಕ?" ಎಂದು ನಮ್ಮ ತಂಡಕ್ಕೇ ಹೇಳುತ್ತಿದ್ದಳು.

ಒಮ್ಮೆ ನಮ್ಮ ರೇಡರ್ ದಮ್ಮು ಹಿಡಿದು ಎದುರಾಳಿ ಅಂಗಳದೊಳಗೆ ಓಡಾಡುತ್ತಿದ್ದಾಗ ಮಾವಶಿ ಖುಷಿ ತಡೆಯಲಾರದೆ ಶಿಳ್ಳೆ ಹೊಡೆದಳು. ಆಟದ ಪಂಚರೇ ಸೀಟಿ ಊದಿದರು ಅಂತ ತಿಳಿದು ಅವನು ಅಲ್ಲೇ ನಿಂತ. ಎದುರಿನವರು ಎತ್ತಿ ಕೆಡವಿದರು. ಅವತ್ತು ಪಂಚರು ಗಾಡಿಯ ತನಕ ನಡೆದು ಬಂದು, "ಮಾವಶಿ, ನಿಮ್ಮ ಕೈ ಮುಗಿತೀನ್ರಿ, ಪಾಯಿಂಟ್ ಆದ ಮ್ಯಾಲಷ್ಟ ಹೊಡಿರಿ" ಎಂದರು. "ಹಂಗಾರ ನೀವೂ ಲಗೂನ ಪಾಯಿಂಟ್ ಕೊಡ್ರಿ. ಎಷ್ಟೊತ್ತಂತ ಬಾಯಾಗ ಬೆರಳ ಇಟಗೊಂಡ ನಿಂದರಲಿ?" ಎಂದಳು ಮಾವಶಿ. ಪಂಚರು ಭಜಿ ತಿಂದು ಹೋದರು.

ನಾನು ಆರನೇ ಇಯತ್ತೆಗೆ ಸಾಲಿ ಬಿಟ್ಟವನು. ಈಗ ಸ್ವಂತ ವೆಲ್ಡಿಂಗ್ ಅಂಗಡಿ ಇದೆ, ಕಬ್ಬು ಹೇರುವ ಟ್ರೇಲರ್ ಕಟ್ಟುತ್ತೇನೆ. ನಾನು ಹಾಕಿದ ಬೆಸುಗೆ ಬಿಟ್ಟಿತು ಅಂತ ಇವತ್ತಿನ ತನಕ ಯಾರೂ ಬಂದಿಲ್ಲ. ಜಂಬಕ್ಕೆ ಹೇಳುತ್ತಾನೆ ಅಂದುಕೊಂಡರೂ ಅಡ್ಡಿಯಿಲ್ಲ, ದುಡಿದು ಗಳಿಸಿದ ಜಂಬ ಅದು. ದಿನವಿಡೀ ಕಬ್ಬಿಣ ಎತ್ತಿದ ಕೈ ಆದ್ದರಿಂದ ಊರ ತಂಡದಲ್ಲಿ ನನಗೆ ಎಡ ಕಾರ್ನರ್ ಜಾಗ. ಬಂದ ರೇಡರನ ಕಾಲು ಹಿಡಿಯುವುದು ನನ್ನ ಕೆಲಸ. ಸಂಜೆ ಅಭ್ಯಾಸ ಮುಗಿಸಿ ಗಾಡಿಯ ಹತ್ತಿರ ಹೋದರೆ ಮಾವಶಿ ನನಗೆ ಶಿಳ್ಳೆ ಕಲಿಸಲು ನೋಡುತ್ತಿದ್ದಳು. ನನ್ನ ಬಾಯಿಂದ ಪುಸ್ಸೆಂದು ಗಾಳಿ ಬರುತ್ತಿತ್ತೇ ಹೊರತು ಸದ್ದು ಬರುತ್ತಿರಲಿಲ್ಲ.

"ನಾಲಿಗಿ ಮಡಚಲೇ ತಮ್ಮಾ!"

"ಮಡಚೀನಿ ಮಾವಶಿ."

"ಪಂಚರ್ ಆದ ಟ್ಯೂಬ್ ಇದ್ದಂಗ ಅದಿ ನೋಡು. ಹೋಗು, ನಿನಗ ವೆಲ್ಡಿಂಗ ಚಲೋ."

ಮಾವಶಿಯ ಒಂದು ಪದ್ಧತಿ ಇತ್ತು. ನಮ್ಮ ಕಡೆ ಕಬಡ್ಡಿಯಲ್ಲಿ ಒಳ್ಳೆಯ ಆಟ ಆಡಿದವನಿಗೆ ನೋಡುವವರು ಮೈಕಿನಲ್ಲಿ ಬಕ್ಷೀಸು ಕೂಗಿಸುತ್ತಾರೆ. ಆಟಗಾರ ಬಂದು ಅದನ್ನು ಎರಡೂ ಕೈಯಿಂದ ತೆಗೆದುಕೊಂಡು ಹಣೆಗೆ ಹಚ್ಚಿಕೊಳ್ಳಬೇಕು. ಎದುರು ಊರಿನವರು ಕೊಟ್ಟದ್ದಾದರೆ ಇನ್ನೂ ದೊಡ್ಡ ಮಾನ. ಮಾವಶಿಯ ಬಕ್ಷೀಸು ಒಂದು ತಾಟು ಬಿಸಿ ಭಜಿ. ಯಾವ ಊರಿನವನೇ ಇರಲಿ, ಅವತ್ತಿನ ಒಳ್ಳೆಯ ರೇಡರನಿಗೆ ಅದು. ಆತ ಆಕೆಯ ಎದುರಿಗೇ ಒಂದಾದರೂ ತಿನ್ನಬೇಕು, ಖಾರಕ್ಕೆ ಮೂಗು ಒರೆಸಿಕೊಳ್ಳಬೇಕು, ಆಗ ಆಕೆಗೆ ಸಮಾಧಾನ.

ಈ ಪದ್ಧತಿ ಮುರಿದವನು ನಿಪ್ಪಾಣಿ ತಂಡದ ರೇಡರ್. ಊರು ಕೊಗನೊಳ್ಳಿ ಹತ್ತಿರ. ತೆಳ್ಳಗೆ, ಎತ್ತರ, ಕಾಲೇ ಅರ್ಧ ಆಳು. ಗೆರೆ ದಾಟಿ ಬಂದು ಒಂದು ಕಾಲು ಮೇಲೆತ್ತಿ ನಮ್ಮನ್ನು ನೋಡುತ್ತ ನಿಲ್ಲುತ್ತಿದ್ದ. ಮಾವಶಿ ಅವನಿಗೆ ಕೊಕ್ಕರಿ ಅಂತ ಹೆಸರಿಟ್ಟಳು. ಆಮೇಲೆ ಅವನ ನಿಜವಾದ ಹೆಸರು ಮೈಕಿನವನಿಗೂ ಮರೆಯಿತು. ಮೊದಲ ಸಲ ನಮ್ಮೂರಿಗೆ ಬಂದವನು ನಮ್ಮನ್ನು ಒಬ್ಬೊಬ್ಬರನ್ನಾಗಿ ಮುಟ್ಟಿ ಹೊರಗೆ ಕೂರಿಸಿದ. ಮಾವಶಿ ಹೊಟ್ಟೆ ಉರಿದುಕೊಂಡೇ ತಾಟು ಕೊಟ್ಟಳು. ಅವನು ತೆಗೆದುಕೊಂಡ, ಹಣೆಗೆ ಹಚ್ಚಿದ. ಒಂದೂ ಬಾಯಿಗೆ ಇಡದೆ ತಾಟಿನ ಸಮೇತ ಆಚೆ ಕಡೆ ಹೋಗಿಬಿಟ್ಟ.

ಅಷ್ಟೇ ಸಾಕಾಯಿತು ಮಾವಶಿಗೆ. "ನನ್ನ ಭಜಿ ಮುಟ್ಟಲಿಲ್ಲ ಅಂದ್ರ ಏನ ಸೊಕ್ಕ ಅವಗ! ಹಾರೂಗೇರಿ ಎಣ್ಣಿ ನಿಪ್ಪಾಣಿ ಹೊಟ್ಟಿಗೆ ಆಗೂದಿಲ್ಲೇನ?" ಎಂದು ಎರಡು ವರ್ಷ ಅವನ ಬೆನ್ನು ಬಿಡಲಿಲ್ಲ. ಅವನು ರೇಡಿಗೆ ಬಂದರೆ, "ಏ ಕೊಕ್ಕರಿ, ಇಲ್ಲಿ ಮೀನ ಇಲ್ಲೋ, ಹೊಳ್ಳಿ ಹೋಗೋ!" ಬಿದ್ದರೆ, "ಎತ್ರಿ, ಎತ್ರಿ, ಕಾಲು ಎಣಿಸಿ ಎತ್ರಿ!" ಅವನು ನಗುತ್ತಿದ್ದ. ಅದು ಆಕೆಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು.

ಅವನ ಜೊತೆ ಒಂದು ಟೆಂಪೋ ತುಂಬ ಮಕ್ಕಳು ಬರುತ್ತಿದ್ದರು. ಆಚೆ ಗೆರೆಯ ಹಿಂದೆ ಸಾಲಾಗಿ ಕೂತು ಆಟ ನೋಡುತ್ತಿದ್ದರು. ಕೂಗು ಇಲ್ಲ, ಚಪ್ಪಾಳೆ ಇಲ್ಲ. ಕೊಕ್ಕರಿ ಪಾಯಿಂಟ್ ತೆಗೆದಾಗ ಎಲ್ಲರೂ ಎರಡೂ ಕೈ ಮೇಲೆತ್ತಿ ಬೆರಳು ಬಿಡಿಸಿ ಅಲ್ಲಾಡಿಸುತ್ತಿದ್ದರು. ಮಾವಶಿ ಅದನ್ನು ತನಗೆ ಮಾಡುವ ಕುಚೋದ್ಯ ಎಂದೇ ತಿಳಿದಿದ್ದಳು. "ನೋಡಲೇ, ಮಕ್ಕಳಿಗೂ ಕಲಿಸ್ಯಾನ. ನನಗ ಹೋಗ ಹೋಗ ಅಂತಾವ!" ಎಂದು ತಾನೂ ಝಾರಾ ಹಿಡಿದು ಅಲ್ಲಾಡಿಸುತ್ತಿದ್ದಳು. ಮಕ್ಕಳು ಇನ್ನೂ ಜೋರಾಗಿ ಅಲ್ಲಾಡಿಸುತ್ತಿದ್ದರು. ಆಟಕ್ಕಿಂತ ಇವರ ಜಗಳ ನೋಡುವುದೇ ನಮಗೆ ಮೋಜು.

ಎರಡು ವರ್ಷ ಹೀಗೆ ನಡೆದ ಮೇಲೆ ಒಂದು ಆಟ ಬಂತು, ನಮ್ಮೂರಲ್ಲೇ, ಫೈನಲ್. ಕೊನೆಯ ರೇಡು, ಒಂದೇ ಪಾಯಿಂಟಿನ ವ್ಯತ್ಯಾಸ. ಕೊಕ್ಕರಿ ಬಂದ. ಒಂದು ಕಾಲು ಎತ್ತಿದ. ನೆಲಕ್ಕೆ ಊರಿದ ಕಾಲು ನನ್ನ ಕೈಗೆ ಸಿಕ್ಕಿತು. ನಾನು ಬಿಡಲಿಲ್ಲ, ಉಳಿದವರು ಮೇಲೆ ಬಿದ್ದರು. ಹಿಡಿತ ನಿಯಮದೊಳಗೇ ಇತ್ತು. ಪಂಚರು ಹಾಗೇ ಅಂದರು, ನೆಲದ ಮೇಲಿಂದ ಕೊಕ್ಕರಿಯೂ ಹಾಗೇ ಅಂದ. ಆದರೆ ಅವನ ಮೊಣಕಾಲು ತಿರುಗಿತ್ತು.

ನಾವು ಗೆದ್ದಿದ್ದೆವು. ಮಾವಶಿಯ ಶಿಳ್ಳೆ ಮೈದಾನದ ಈ ತುದಿಯಿಂದ ಆ ತುದಿಗೆ ಹೊರಟಿತು. ಹೊರಟದ್ದು ಹಾಗೇ ನಡುವೆ ಕಡಿದು ನಿಂತಿತು. ಆಚೆ ಕಡೆ ಮಕ್ಕಳು ಅಲ್ಲಾಡಿಸಲು ಎತ್ತಿದ ಕೈಗಳನ್ನು ಇಳಿಸದೆ, ಅಲ್ಲಾಡಿಸದೆ ಹಾಗೇ ಕೂತಿದ್ದರು. ಮಾವಶಿ ಅದನ್ನು ನೋಡಿದಳು. ಬಾಣಲೆಯ ಕೆಳಗಿನ ಉರಿ ಆರಿಸಿದಳು. ಒಂದು ತಾಟಿಗೆ ಭಜಿ ಹಾಕಿಕೊಂಡು ಮೈದಾನದ ನಡುವೆ ನಡೆದು ಬಂದಳು.

ಕೊಕ್ಕರಿ ನೋವಿನಲ್ಲೂ ನಕ್ಕ. "ಕಾಯ ಮಾವಶಿ, ಆಜ ಶಿವ್ಯಾ ನಾಹೀತ?" ಎಂದ, ಇವತ್ತು ಬೈಗುಳ ಇಲ್ಲವೇ ಅಂತ.

"ಎದ್ದ ನಿಂತ ಮ್ಯಾಲೆ ಬೈತೀನಿ. ಬಿದ್ದಾವನ್ನ ಬೈಯೂ ಪದ್ಧತಿ ನಮ್ಮಲ್ಲಿಲ್ಲ. ಹಿಡಿ, ಇವತ್ತರ ಒಂದ ತಿನ್ನು."

ಮಕ್ಕಳ ಜೊತೆ ಬಂದಿದ್ದ, ಅವರಿಗೆ ಕಲಿಸುವ ಅಕ್ಕೋರು ಓಡಿ ಬಂದಿದ್ದರು. ತಾಟು ನೋಡಿ ಅವರೇ ಹೇಳಿದರು: "ಮಾವಶಿ, ಅವತ್ತ ನೀವ ಕೊಟ್ಟ ಭಜಿನ್ನ ಇವರು ನಮ್ಮ ಮಕ್ಕಳಿಗೆ ಹಂಚಿದ್ರಿ. ಸಾಲಲಿಲ್ಲ ಅಂತ ತಾವು ಒಂದೂ ಬಾಯಾಗ ಹಾಕ್ಕೊಳ್ಳಲಿಲ್ಲ."

"ಯಾವ ಮಕ್ಕಳಿಗೆ?"

"ಇವಕ್ಕ. ಕಿವಿ ಕೇಳಸೂದಿಲ್ರಿ ಇವಕ್ಕ. ನಮ್ಮದ ನಿಪ್ಪಾಣಿ ಕಡೆ ವಸತಿ ಸಾಲಿ. ಇವರು ಆಡಿ ತಂದಿದ್ದರಾಗ ಮಕ್ಕಳಿಗೆ ದಿನಾ ಸಂಜೀಕ ಹಾಲು, ಶೇಂಗಾ ಉಂಡಿ ನಡೀತೈತ್ರಿ." ಅಕ್ಕೋರು ಅವನ ಮೊಣಕಾಲು ನೋಡಿ ಅಷ್ಟಕ್ಕೇ ನಿಲ್ಲಿಸಿದರು. ಮುಂದಿನದನ್ನು ಯಾರೂ ಹೇಳಬೇಕಾಗಿರಲಿಲ್ಲ.

"ಮತ್ತ ಕೈ ಹಿಂಗ ಅಲ್ಲಾಡಸ್ತಾವಲ್ಲ?"

"ಅದು ಅವರ ಚಪ್ಪಾಳಿ ಮಾವಶಿ. ನೀವ ಝಾರಾ ಅಲ್ಲಾಡಸ್ತೀರಲ್ಲ, ನೀವೂ ಚಪ್ಪಾಳಿ ಹೊಡ್ಯಾಕತ್ತೀರಿ ಅಂತ ತಿಳಕೊಂಡಾವ. ನಿಮ್ಮನ್ನ ಕಂಡ್ರ ಭಾಳ ಪ್ರೀತಿ."

ಮಾವಶಿ ಆಚೆ ಕೂತ ಮಕ್ಕಳ ಕಡೆ ನೋಡಿದಳು. ತಾಟನ್ನು ಅಕ್ಕೋರ ಕೈಗೆ ಕೊಟ್ಟಳು. ನೆಟ್ಟಗೆ ಹೋಗಿ ಮೈಕಿನವನ ಕೈಯಿಂದ ಮೈಕು ಕಿತ್ತುಕೊಂಡಳು.

"ಏ, ಎಲ್ಲಾರೂ ಕೇಳ್ರಿ ಇಲ್ಲೆ! ನಮ್ಮ ಊರಾಗ ಆಡಾಕ ಬಂದ ಹುಡುಗ ನಮ್ಮ ಊರಾಗ ಬಿದ್ದಾನ. ಇಂವ ಎದ್ದ ಬಂದ ನಮ್ಮ ಮುಂದ ತೊಡಿ ತಟ್ಟೂ ತನಕಾ ಈ ಮಕ್ಕಳ ಸಂಜೀ ಹಾಲು ಹಾರೂಗೇರಿದು. ಒಂದ ದಿನಾ ತಪ್ಪಿದ್ರ ನಾ ಮತ್ತ ಈ ಮೈದಾನದಾಗ ಶಿಳ್ಳಿ ಹೊಡಿಯೂದಿಲ್ಲ. ಹಿಟ್ಟಿನ ಆಣಿ!"

ಯಾರೋ ಹಿಂದಿನಿಂದ, "ಮಾವಶಿ, ಉಪ್ಪಿನ ಆಣಿ ಹಾಕ್ರಿ, ಹಿಟ್ಟು ದಿನಾ ಮುಗೀತೈತಿ" ಎಂದ. ಎಲ್ಲರೂ ನಕ್ಕರು. ನಗುವಿನೊಳಗೇ ಆ ಮಾತು ಗಟ್ಟಿಯಾಗಿ ಕೂತುಬಿಟ್ಟಿತು. ಮೊಬೈಲಿನಲ್ಲಿ ಹಿಡಿದುಕೊಂಡವರಿದ್ದರು. ಮರುದಿನ ಬೆಳಗಾಗುವುದರೊಳಗೆ ಅಥಣಿ, ಕಾಗವಾಡದ ತನಕ ಹೋಗಿತ್ತು.

ಮಾತು ಕೊಡುವುದು ಸುಲಭ. ಮರುದಿನವೇ ಗಾಡಿಯ ಸುತ್ತ ತಕರಾರು ಶುರುವಾಯಿತು. "ನಿಪ್ಪಾಣಿ ಹುಡುಗಗ ನಾವ್ಯಾಕ ಕೊಡೂದ ಮಾವಶಿ? ಅಂವ ಆರಾಮಾಗಿ ಬಂದ ಮತ್ತ ನಮ್ಮನ್ನ ಸೋಲಸಾಕ?" ಎಂದ ನಮ್ಮ ತಂಡದವನೇ ಒಬ್ಬ.

"ಅಂವ ಇಲ್ಲದಾಗ ಗೆದ್ರ ಅದೊಂದ ಗೆಲುವೇನಲೇ? ಖಾಲಿ ಗಾಡಿ ಜಗ್ಗಿ ಬೆವರ ಒರಸಿಕೊಂಡಂಗ."

ಆಮೇಲೆ ಹೊಸ ಕಾಯ್ದೆ ಬಂತು. ಮಕ್ಕಳಿಗೆ ಕೊಟ್ಟವರಿಗೆ ಖಾರದ ಭಜಿ, ಕೊಡದವರಿಗೆ ಉಪ್ಪಿಲ್ಲದ ಸಪ್ಪನ ಭಜಿ. ಎರಡಕ್ಕೂ ಬೇರೆ ಬೇರೆ ಬೋಗುಣಿಯಲ್ಲಿ ಹಿಟ್ಟು ಕಲಸಿಟ್ಟಿದ್ದಳು. ಸಪ್ಪನದು ತಿಂದವನ ಮುಖವನ್ನು ಊರೆಲ್ಲ ನೋಡುತ್ತಿತ್ತು. ಸೊಸೈಟಿಯ ದೊಡ್ಡ ಮನುಷ್ಯರೊಬ್ಬರಿಗೂ ಸಪ್ಪನದೇ ಸಿಕ್ಕಿತು. ಅವರು ಅರ್ಧ ತಿಂದು, "ಒಂದ ಚೀಲ ಬೆಲ್ಲ ನನ್ನ ಹೆಸರಿಲೆ ಹಾಕ್ಕೋ ತಾಯಿ, ಮೊದಲ ಉಪ್ಪ ಕೊಡು" ಎಂದರು.

ನಾನು ಹಟ ಮಾಡಿದೆ. "ನೋಡು ಮಾವಶಿ, ನಾ ಯಾರ ಕಡೆಯಿಂದಾನೂ ಏನೂ ತಗೊಂಡಾವ ಅಲ್ಲ. ಕೊಡೂದ ತಗೊಳ್ಳೂದ ನನಗ ಬರೂದಿಲ್ಲ" ಎಂದೆ.

"ತಗೊಳ್ಳಲಿಲ್ಲ ಅನ್ನೂ ಸೊಕ್ಕಿನಾಗ ಕೊಡೂದನ್ನ ಕಲೀಲಿಲ್ಲ ನೀ," ಎಂದಳು. ಸಪ್ಪನ ಭಜಿಯನ್ನೂ ಕೊಡಲಿಲ್ಲ. ಅಂಗಡಿಗೆ ಬಂದು ಸುತ್ತ ನೋಡಿದೆ. ಕಬ್ಬಿಣ ಬಿಟ್ಟರೆ ಕೊಡಲು ನನ್ನ ಹತ್ತಿರ ಏನಿತ್ತು? ಎರಡು ದಿನ ಬಿಟ್ಟು ಬೆಲ್ಲ, ಶೇಂಗಾದ ಚೀಲಗಳು ನಿಪ್ಪಾಣಿಗೆ ಹೋಗುವ ಟೆಂಪೋದಲ್ಲಿ ಉರುಳದ ಹಾಗೆ ಒಂದು ಕಬ್ಬಿಣದ ಚೌಕಟ್ಟು ಮಾಡಿ ಗಾಡಿಯ ಮುಂದೆ ಇಟ್ಟು ಬಂದೆ. ಸಂಜೆ ಖಾರದ ಭಜಿ ಸಿಕ್ಕಿತು.

ವ್ಯವಸ್ಥೆ ಹೀಗೆ ಕೂತಿತು: ಹಾಲು ಅಲ್ಲಿನದೇ ಡೇರಿಯಿಂದ, ಹಾರೂಗೇರಿಯವರ ಲೆಕ್ಕದಲ್ಲಿ. ಬೆಲ್ಲ, ಶೇಂಗಾ, ಜೋಳ ಇಲ್ಲಿಂದ, ವಾರಕ್ಕೊಮ್ಮೆ ನಿಪ್ಪಾಣಿಗೆ ಕಾಯಿಪಲ್ಯೆ ಒಯ್ಯುವ ಟೆಂಪೋದಲ್ಲಿ. ಆಟ ಇದ್ದ ದಿನ ನಮ್ಮ ತಂಡ ಪಾಯಿಂಟ್ ತೆಗೆದರೆ ಸಾಕು, ಯಾರಾದರೂ ಎದ್ದು ನಿಂತು, "ಈ ಪಾಯಿಂಟ್ ಕೊಕ್ಕರಿ ಮಕ್ಕಳಿಗೆ!" ಎಂದು ಕೂಗುತ್ತಿದ್ದರು. ಮೈಕಿನವನು, "ಹಾಲಿನ ಸುರೇಶಣ್ಣನಿಂದ ಒಂದು ಕ್ಯಾನಿನ ದುಡ್ಡು!" ಅನ್ನುತ್ತಿದ್ದ. ಅಥಣಿಯಲ್ಲಿ ಆಡಲು ಹೋದಾಗ ಅಲ್ಲಿನವರು ಮಾವಶಿಯ ವಿಡಿಯೋ ನೋಡಿದ್ದರು. "ಹಾರೂಗೇರಿಯವರಷ್ಟ ಮನಷ್ಯಾರೇನ?" ಎಂದು ನಮ್ಮ ಕಣ್ಣೆದುರಿಗೆ ಎರಡು ಚೀಲ ಶೇಂಗಾ ತಂದು ಇಟ್ಟರು. ಆಟದಲ್ಲಿ ನಮ್ಮನ್ನು ಸೋಲಿಸಿದ್ದಲ್ಲದೆ ಇದರಲ್ಲೂ ಸೋಲಿಸಿದರು ಅಂತ ನಮ್ಮವರಿಗೆ ಆ ರಾತ್ರಿ ಊಟ ಸೇರಲಿಲ್ಲ. ರಾಯಬಾಗದವರಿಗೆ ಸುದ್ದಿ ಮುಟ್ಟಿತು. ಮುಂದಿನ ವಾರ ಅವರದು ಮೂರು ಚೀಲ.

ಒಂದು ವಾರ ಮಾತ್ರ ಕೈ ಜಾರುವುದಿತ್ತು. ಕಬ್ಬಿನ ಕಾರ್ಖಾನೆಗಳು ಶುರುವಾದ ಹೊತ್ತು. ಎಲ್ಲರಿಗೂ ಕೆಲಸ, ಆಟಗಳಿಲ್ಲ, ಬಕ್ಷೀಸಿಲ್ಲ. ನಾವು ನಾಲ್ಕಾರು ಮಂದಿ ಸಂಜೆ ಹೊತ್ತು ಸುಮ್ಮನೆ ಅಭ್ಯಾಸಕ್ಕೆ ಸೇರುತ್ತಿದ್ದೆವು. ಅವತ್ತು ಆಟ ಏಕೋ ಸಪ್ಪಗಾಯಿತು. ರೇಡಿಗೆ ಹೋದವನಿಗೆ ಹುರುಪಿಲ್ಲ, ಹಿಡಿದವನಿಗೆ ಹುರುಪಿಲ್ಲ. ಬಹಳ ಹೊತ್ತಿನ ಮೇಲೆ ಹೊಳೆಯಿತು: ಒಂದು ಶಿಳ್ಳೆಯೂ ಬಿದ್ದಿಲ್ಲ. ಮಾವಶಿ ಗಾಡಿಯ ಹಿಂದೆ ನಿಂತು ಈರುಳ್ಳಿ ಹೆಚ್ಚುತ್ತಿದ್ದಳು, ತಲೆ ಎತ್ತಿರಲಿಲ್ಲ.

"ಯಾಕ ಮಾವಶಿ, ಹಲ್ಲ ನೋಯಾಕತ್ತಾವೇನ?" ಎಂದೆ.

"ಟೆಂಪೋ ಇನ್ನೇನ ಹೊಂಡತೈತಿ. ಒಳಗ ಬರೇ ಬದನಿಕಾಯಿ ಅದಾವ. ಡೇರಿಯಾವನೂ ಫೋನ್ ಮಾಡಿದ್ದ, ನಾಳಿಯಿಂದ ಹಾಲು ಹಾಕೂದೋ ಬ್ಯಾಡೋ ಅಂತ." ಚಾಕು ಕೆಳಗಿಟ್ಟಳು. "ಹತ್ತ ಊರ ಕೇಳೂ ಹಂಗ ಮೈಕಿನಾಗ ಹೇಳೀನಿ. ಇವತ್ತ ಶಿಳ್ಳಿ ಹೊಡಿಯೂ ಬಾಯಿ ನನಗಿಲ್ಲ."

ಬೆವರು ಸುರಿಯುವ ಮೈಯಲ್ಲೇ, ಚಡ್ಡಿಯಲ್ಲೇ ಓಡಿದೆವು. ಒಬ್ಬ ಗಾಣದ ಕಡೆ, ಒಬ್ಬ ಅಡತಿ ಅಂಗಡಿ ಕಡೆ. ನಾನು ಟ್ರೇಲರ್ ಮಾಡಿಸಿಕೊಳ್ಳಲು ಬಂದ ರೈತರ ಎದುರಿಗೆ ಹೋಗಿ ನಿಂತು ಹುಟ್ಟಿದ ಮೇಲೆ ಮೊದಲ ಸಲ ಬಾಯಿ ಬಿಟ್ಟು ಕೇಳಿದೆ. ಕೇಳುವುದು ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ. "ಅಷ್ಟೇನಾ?" ಎಂದು ಒಬ್ಬ ಎದ್ದು ಮನೆಗೆ ಹೋಗಿ ಹೆಂಡತಿ ಹುರಿದಿಟ್ಟಿದ್ದ ಶೇಂಗಾದ ಡಬ್ಬಿಯನ್ನೇ ಎತ್ತಿಕೊಂಡು ಬಂದ. ಹಾಲಿನ ಲೆಕ್ಕವನ್ನು ಇನ್ನೊಬ್ಬ ತನ್ನ ತಲೆಗೆ ಹಾಕಿಕೊಂಡ, ಡೇರಿಯವನಿಗೆ ಅಲ್ಲಿಂದಲೇ ಫೋನ್ ಹೋಯಿತು. ಟೆಂಪೋದವನು ಹಾರ್ನ್ ಒತ್ತುತ್ತ, "ನನ್ನ ಬದನಿಕಾಯಿ ಬಾಡ್ತಾವೋ ಮಾರಾಯ್ರ್ಯಾ!" ಎಂದು ಕೂಗುತ್ತಿದ್ದಂತೆ ಕೊನೆಯ ಚೀಲ ಏರಿತು. ಮಾವಶಿ ಈರುಳ್ಳಿ ಮೆತ್ತಿದ ಬೆರಳನ್ನೇ ಬಾಯಿಗಿಟ್ಟಳು. ಆ ಶಿಳ್ಳೆಗೆ ಟೆಂಪೋದವನು ಹೆದರಿ ಗೇರು ಹಾಕಿ ಹೊರಟೇಬಿಟ್ಟ. ಮಾವಶಿಯ ಕಣ್ಣಲ್ಲಿ ನೀರಿತ್ತು. ಈರುಳ್ಳಿ ಎಂದಳು.

ಒಂದು ಭಾನುವಾರ ಆಕೆಯನ್ನು ಕರೆದುಕೊಂಡು ನಾವೂ ಆ ಸಾಲಿಗೆ ಹೋದೆವು. ಕೊಕ್ಕರಿ ಬಾಗಿಲಲ್ಲೇ ಕೋಲು ಹಿಡಿದು ನಿಂತಿದ್ದ. ಮಕ್ಕಳು ಆಕೆಯನ್ನು ಕಂಡದ್ದೇ ಎಲ್ಲರೂ ಒಟ್ಟಿಗೆ ಎರಡು ಬೆರಳು ಬಾಯಿಗಿಟ್ಟುಕೊಂಡರು. ಮಾವಶಿ ತಬ್ಬಿಬ್ಬಾದಳು. ಅಕ್ಕೋರು ನಗುತ್ತ ಬಿಡಿಸಿ ಹೇಳಿದರು, ಈ ಮಕ್ಕಳಿಗೆ ಕೂಗಿ ಕರೆಯುವ ಹೆಸರಿಲ್ಲ, ಪ್ರತಿಯೊಬ್ಬರಿಗೂ ಒಂದು ಕೈಸನ್ನೆಯ ಹೆಸರು. ಇದು ಮಾವಶಿಯದು. ಕೊಕ್ಕರಿಯದು? ಮಕ್ಕಳು ಒಂದು ಕಾಲು ಮೇಲೆತ್ತಿ ನಿಂತು ತೋರಿಸಿದರು.

"ನೀನ ಇಟ್ಟ ಹೆಸರ ಮಾವಶಿ," ಎಂದ ಕೊಕ್ಕರಿ. "ಸಾಲಿಗೆ ಬಂದ ನಾನ ಇವಕ್ಕ ಕಲಿಸಿದೆ. ಭಾಳ ಛಂದ ಐತಿ ಅಂತ."

"ಬೈದದ್ದನ್ನ ಹೊತಗೊಂಡ ಸಾಲಿಗೆ ಬಂದೀ? ಹುಚ್ಚ ಖೋಡಿ!" ಎಂದು ಅವನ ಬೆನ್ನಿಗೊಂದು ಗುದ್ದಿದಳು.

ಮಕ್ಕಳಿಗೆ ಆ ಶಿಳ್ಳೆ ಏನು ಅಂತ ತಿಳಿಯಬೇಕಿತ್ತು. ಕೇಳುವುದಂತೂ ಸಾಧ್ಯವಿಲ್ಲ. ಒಬ್ಬಳು ಸಣ್ಣ ಹುಡುಗಿ ಬಂದು ಮಾವಶಿಯ ಬಾಯಿಯ ಮುಂದೆ ಅಂಗೈ ಹಿಡಿದಳು. ಮಾವಶಿ ಹೊಡೆದಳು. ಅಂಗೈಗೆ ಗಾಳಿ ಬಡಿದದ್ದೇ ಹುಡುಗಿ ಕೈ ಎಳೆದುಕೊಂಡು, ಅದನ್ನೇ ಕೆನ್ನೆಗೆ ಹಚ್ಚಿಕೊಂಡು ಕುಣಿದಳು. ಆಮೇಲೆ ಸಾಲು ನಿಂತಿತು. ಒಬ್ಬೊಬ್ಬರಿಗೂ ಒಂದು ಶಿಳ್ಳೆ. ತಿರುಗಿ ಬರುವಾಗ ಮಾವಶಿಗೆ ತುಟಿ ಬಾತು ಮಾತು ಹೊರಡುತ್ತಿರಲಿಲ್ಲ, ದಾರಿಯುದ್ದಕ್ಕೂ ನಮಗೆ ಶಾಂತಿ.

ಮುಂದಿನ ವರ್ಷ ಕೊಕ್ಕರಿ ಎದ್ದ. ಮೊದಲ ಆಟ ಹಾರೂಗೇರಿಯಲ್ಲೇ ಆಡುತ್ತೇನೆ ಅಂತ ಹಟ ಹಿಡಿದು ಬಂದ. ಗೆರೆ ದಾಟಿ ನಮ್ಮ ಅಂಗಳಕ್ಕೆ ಬಂದು, ತೊಡೆ ತಟ್ಟಿದ. ಆ ಸದ್ದಿಗೆ ಇಡೀ ಹಾರೂಗೇರಿ ಎದ್ದು ನಿಂತಿತು. ಮಾವಶಿಯ ಮಾತು ಉಳಿದಿತ್ತು. ಅವನು ಒಂದು ಕಾಲು ಎತ್ತಿದ, ನಾನು ನೆಲದ ಕಾಲಿನ ಕಡೆ ಬಾಗಿದೆ, ಎತ್ತಿದ ಕಾಲಿನಿಂದ ನನ್ನ ಹೆಗಲು ಮುಟ್ಟಿ ಓಡಿದ. ನಾನು ಔಟು. ಆಗ ಬಿದ್ದಿತು ಶಿಳ್ಳೆ, ಎದುರಾಳಿಯ ಪಾಯಿಂಟಿಗೆ ಮಾವಶಿಯ ಮೊದಲ ಶಿಳ್ಳೆ. ಅದರ ಬೆನ್ನಿಗೇ ಬೈಗುಳವೂ ಬಂತು: "ಏ ಕೊಕ್ಕರಿ, ನಮ್ಮ ಹಾಲ ಕುಡಿಸಿದ್ದಕ್ಕ ನಮಗ ಒದೀತಿಯೇನೋ!"

ಆಟ ಮುಗಿದ ಮೇಲೆ ನಿಪ್ಪಾಣಿಯಿಂದ ಬಂದವರು ಮೈಕು ತೆಗೆದುಕೊಂಡರು. ಹಿರಿಯರೊಬ್ಬರು ಎಂದರು: "ಹಾರೂಗೇರಿಯವರು ನಮ್ಮ ಆಟಗಾರನ ಮಕ್ಕಳನ್ನ ನೋಡಿಕೊಂಡ್ರಿ. ಈ ವರ್ಷ ನಮ್ಮ ಪಾಳಿ. ಅವತ್ತ ನಮ್ಮ ಹುಡುಗನ ಕಾಲ ನಿಯಮದಾಗ ಹಿಡದ ನಿಮ್ಮ ಎಡ ಕಾರ್ನರ್ ಯಾವ ಒಳ್ಳೇ ಕೆಲಸಕ್ಕ ಕೈ ಹಚ್ಚ್ಯಾನ ಹೇಳ್ರಿ. ನಮ್ಮ ಬಕ್ಷೀಸೆಲ್ಲ ಅಲ್ಲಿಗೆ."

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನದು ಅಂತ ಯಾವ ಕೆಲಸವೂ ಇರಲಿಲ್ಲ. ಕಾಲ ಹೆಬ್ಬೆರಳು ನೋಡುತ್ತ ನಿಂತೆ. ಮಾವಶಿ ಬಂದು ಮೈಕು ಹಿಡಿದಳು.

"ಇಂವ ಹೇಳೂದಿಲ್ಲ, ನಾ ಹೇಳ್ತೀನಿ. ಇವನ ಅವ್ವ ಅಪ್ಪ ಕಬ್ಬ ಕಡ್ಯಾಕ ಊರೂರ ಹೋಗ್ತಿದ್ರು. ಇವನ ಸಾಲಿ ಒಂದ ಊರಾಗ ಶುರು ಆಗಿ ಇನ್ನೊಂದ ಊರಾಗ ನಿಂತತಿ. ಈಗೂ ಕಬ್ಬಿನ ಗ್ಯಾಂಗಿನ ಗುಡಸಲದಾಗ ಅಂಥಾ ಮಕ್ಕಳ ಅದಾವ. ಅವು ಇವನ ಮಕ್ಕಳ. ಕೊಡ್ರಿ ಅಲ್ಲಿಗೆ."

ಇಷ್ಟು ವರ್ಷ ನಾನು ಯಾರ ಮುಂದೆಯೂ ಹೇಳದ ಮಾತು. ಗಾಡಿಯ ಹತ್ತಿರ ಬಂದ ಮೇಲೆ, "ಊರ ಮುಂದ ನನ್ನ ಮಾನಾ ಕಳದಿ ಮಾವಶಿ" ಎಂದೆ.

"ಯಾವ ಮಾನಾ? ನಿಮ್ಮ ಅವ್ವ ನನ್ನ ಗಾಡಿ ಮುಂದ ಕುಂತ ಭಜಿ ತಿಂದ ಹೋಗ್ತಿದ್ಲು, ಕೈತುಂಬ ಕಬ್ಬಿನ ರವದಿ ಎಲಿ ಕೊಯ್ದ ಗಾಯ. ದುಡದ ತಿಂದಾಕಿ. ಅದ ಹೇಳಾಕ ನಾಚಿಕಿ ಅಂದ್ರ ನಿನ್ನ ಬೆಸುಗಿ ಎಲ್ಲೋ ಬಿಟ್ಟೈತಿ ಅಂತ ತಿಳಿ."

ಬೆಸುಗೆಯ ಮಾತು ಎತ್ತಿದ ಮೇಲೆ ನಾನು ಸುಮ್ಮನಿರಲಾರೆ. ನಿಪ್ಪಾಣಿಯವರು ತಗಡು, ಆಂಗಲ್, ಹಳೆಯ ಚಕ್ರ ತಂದು ಸುರಿದರು. ಟ್ರೇಲರಿನ ಮೇಲೆಯೇ ಒಂದು ಕೋಣೆ ಕಟ್ಟಿದೆ. ಕಿಟಕಿ, ಹಲಗೆ, ಕೂರಲು ಮಡಚುವ ಬೆಂಚು. ಗ್ಯಾಂಗು ಗುಡಿಸಲು ಕಿತ್ತು ಮುಂದಿನ ಊರಿಗೆ ಹೊರಟರೆ ಸಾಲಿಯನ್ನೂ ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಹೋಗುತ್ತದೆ. ಸಾಲಿ ಈಗ ಅರ್ಧಕ್ಕೆ ನಿಲ್ಲುವುದಿಲ್ಲ. ಚಾವಣಿ ತಗಡು ಹೊಡೆಯುವಾಗ ಏಣಿ ಬೇಕಾಗಲಿಲ್ಲ, ಕೊಕ್ಕರಿ ಕೆಳಗಿನಿಂದಲೇ ಕೈಯೆತ್ತಿ ಹಿಡಿದಿದ್ದ. ಅದಕ್ಕೂ ಮಾವಶಿ ಏನೋ ಅಂದಳು, ಬರೆಯುವಂಥದ್ದಲ್ಲ. ಮೊದಲ ದಿನ ಗಂಟೆ ಇರಲಿಲ್ಲ. ಮಾವಶಿಯ ಶಿಳ್ಳೆಗೇ ಸಾಲಿ ಕೂಡಿತು. ಕಬ್ಬಿನ ಗದ್ದೆಯ ನಡುವಿನಿಂದ ಮಕ್ಕಳು ಓಡಿ ಬಂದದ್ದನ್ನು ನೋಡಿ, "ನೋಡಲೇ, ಕುರಿ ಹೊಳ್ಳಿ ಬಂದಂಗ ಬಂದ್ವು" ಎಂದು ನಕ್ಕಳು.

ಹೋದ ವರ್ಷ ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ ಮಾವಶಿ ತೀರಿಕೊಂಡಳು. ಮಧ್ಯಾಹ್ನ ಉಂಡು ಮಲಗಿದವಳು ಸಂಜೆ ಗಾಡಿ ತೆಗೆಯಲು ಏಳಲಿಲ್ಲ. ಹೆಗಲು ಕೊಡಲು ಎರಡೂ ತಂಡದವರು ಬಂದರು. ಕೊಕ್ಕರಿಯ ಎತ್ತರಕ್ಕೆ ಒಂದು ಬದಿ ಮೇಲಾಗುತ್ತಿತ್ತು, ದಾರಿಯುದ್ದಕ್ಕೂ ಅವನು ಮೊಣಕಾಲು ಬಗ್ಗಿಸಿಯೇ ನಡೆದ. ಅದೇ ಮೊಣಕಾಲು. ಮಾವಶಿ ಇದ್ದಿದ್ದರೆ ಬೈದು ಅವನನ್ನು ಹಿಂದಕ್ಕೆ ಕಳಿಸುತ್ತಿದ್ದಳು.

ಈ ವರ್ಷ ನಿಪ್ಪಾಣಿಯವರ ಜೊತೆ ಆಟ ಇದ್ದ ದಿನ ಆಚೆ ಗೆರೆಯ ಹಿಂದೆ ಮಕ್ಕಳು ಎಂದಿನಂತೆ ಸಾಲಾಗಿ ಕೂತಿದ್ದರು. ಆಟ ಮುಗಿದ ಮೇಲೆ, ಅವತ್ತು ಮೊದಲು ಅಂಗೈ ಹಿಡಿದಿದ್ದ ಹುಡುಗಿ ನನ್ನ ಹತ್ತಿರ ಬಂದಳು. ಈಗ ಉದ್ದಾಗಿದ್ದಾಳೆ. ಗಾಡಿ ನಿಲ್ಲುತ್ತಿದ್ದ ಜಾಗ ತೋರಿಸಿ, ಎರಡು ಬೆರಳು ಬಾಯಿಗಿಟ್ಟು, ಅಂಗೈ ಬಿಚ್ಚಿದಳು. ಮಾವಶಿ ಎಲ್ಲಿ?

ಕೊಕ್ಕರಿ ಹಿಂದೆಯೇ ನಿಂತಿದ್ದ. ಅವನಿಗೆ ಹೇಳಲು ಬರುತ್ತಿತ್ತು, ಹೇಳಲಿಲ್ಲ. ನನಗೆ ಆ ಮಾತಿನ ಕೈಸನ್ನೆ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ. ಮಣ್ಣು ಮೆತ್ತಿದ ಎರಡು ಬೆರಳು ಬಾಯಿಗಿಟ್ಟೆ, ನಾಲಿಗೆ ಮಡಚಿದೆ, ಇದ್ದ ದಮ್ಮೆಲ್ಲ ಹಾಕಿ ಊದಿದೆ. ಎಂದಿನಂತೆ ಪುಸ್ಸೆಂದು ಬರೀ ಗಾಳಿ. ಈಚೆ ನಿಂತ ನಮ್ಮ ಹುಡುಗರು ಬಿದ್ದು ಬಿದ್ದು ನಕ್ಕರು.

ಹುಡುಗರು ನಗಲಿ ಬಿಡಿ. ಆ ಹುಡುಗಿ ನನ್ನ ಬಾಯಿಯ ಮುಂದೆ ಅಂಗೈ ಹಿಡಿದು ನಿಂತಿದ್ದಳು. ಗಾಳಿ ಬಡಿದ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಹಿಂದೆ ತಿರುಗಿ ಉಳಿದ ಮಕ್ಕಳಿಗೆ, ಬರ್ರಿ ಬರ್ರಿ ಎಂದು ಕೈ ಬೀಸಿದಳು. ನನ್ನ ಮುಂದೆ ಸಾಲು ನಿಂತಿತು.